ಅಪ್‌ಡೇಟ್: ಕುತ್ತಿಗೆ ನಿಲ್ಲದ ಮಗುವನ್ನು ಜಿಲ್ಲಾಸ್ಪತ್ರೆಗೆ ತೋರಿಸಿದೆವು

ಎರಡು ತಿಂಗಳು ಮೊದಲೇ ಹುಟ್ಟಿದ ತಂಗಿಯ ಮಗುವಿಗೆ ಐದು ತಿಂಗಳಾದರೂ ಕುತ್ತಿಗೆ ಸರಿಯಾಗಿ ನಿಂತಿಲ್ಲ, ಎಲ್ಲಿ ತೋರಿಸಬೇಕು ಎಂದು ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಆಶಾ ಕಾರ್ಯಕರ್ತೆಯನ್ನು ಕೇಳಿದೆವು. ಅವರು ಜಿಲ್ಲಾಸ್ಪತ್ರೆಯ ಡಿಇಐಸಿಗೆ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರಕ್ಕೆ ಕಳಿಸಿದರು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೇಂದ್ರ ಅದು. 18 ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ನೋಡುತ್ತಾರೆ.

ಡಾಕ್ಟರು ಮೊದಲು ವಯಸ್ಸಿನ ಲೆಕ್ಕ ಸರಿಮಾಡಿದರು. ಎಷ್ಟು ಬೇಗ ಹುಟ್ಟಿತೋ ಅಷ್ಟನ್ನು ಕಳೆಯಬೇಕಂತೆ. ಹಾಗಾಗಿ ಬೆಳವಣಿಗೆಯ ಲೆಕ್ಕದಲ್ಲಿ ಇವಳಿಗೆ ಮೂರೇ ತಿಂಗಳು! ತಂಗಿ ಅಲ್ಲೇ ಅತ್ತುಬಿಟ್ಟಳು. ನೆಂಟರೆಲ್ಲ ಸುಮ್ನೆ ಅವಳನ್ನೇ ದೂರುತ್ತಿದ್ದರು, ಪಾಪ.

ಆದರೂ ಕಾಲು ಸ್ವಲ್ಪ ಬಿಗಿಯಾಗಿದೆ ಎಂದು ಫಿಸಿಯೋಥೆರಪಿ ಶುರುಮಾಡಿದ್ದಾರೆ. ಮಗು ಎಚ್ಚರವಿದ್ದಾಗ, ನಾವು ಪಕ್ಕದಲ್ಲೇ ಕೂತು, ಬೋರಲು ಮಲಗಿಸಿ ಆಡಿಸಬೇಕು. ಮಲಗಿಸುವಾಗ ಮಾತ್ರ ಅಂಗಾತವೇ. ಕಿವಿಯ ಪರೀಕ್ಷೆಯೂ ಆಯಿತು, ಚೆನ್ನಾಗಿ ಕೇಳಿಸುತ್ತಿದೆ.

ಒಂದು ವಿಷಯ ಜಾಸ್ತಿ ಜನರಿಗೆ ಗೊತ್ತಿಲ್ಲ. ತುಂಬಾ ಬೇಗ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳ ಕಣ್ಣಿನ ರೆಟಿನಾವನ್ನು 30 ದಿನದೊಳಗೆ ಪರೀಕ್ಷೆ ಮಾಡಿಸಲೇಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು. ಇವಳಿಗೆ ಆ ಪರೀಕ್ಷೆ ಹೆರಿಗೆಯಾದ ಆಸ್ಪತ್ರೆಯಲ್ಲೇ ಆಗಿತ್ತು. ನಿಮ್ಮ ಮನೆಯಲ್ಲಿ ಅಂಥ ಮಗು ಇದ್ದರೆ ದಯವಿಟ್ಟು ಇವತ್ತೇ ಕೇಳಿ.