ಹೈಡ್ರೋಫೋನಿಗೆ ‘ನೀರ್ಗಿವಿ’ ಎನ್ನಬಹುದೇ?

ಮಾನ್ಯರೇ,

ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಕಡೆಯ ಪ್ರೌಢಶಾಲಾ ಮಕ್ಕಳಿಗಾಗಿ ನೀರೊಳಗಿನ ಸದ್ದನ್ನು ಕುರಿತ ಕಿರುಪುಸ್ತಕವೊಂದನ್ನು ಬರೆಯುತ್ತಿದ್ದು, ಆ ಸದ್ದನ್ನು ಹಿಡಿದು ಕೇಳಿಸುವ ಹೈಡ್ರೋಫೋನ್ ಎಂಬ ಉಪಕರಣಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂಬಲ್ಲಿ ತಡೆದು ನಿಂತಿದ್ದೇನೆ.

ನನ್ನ ಬಳಿಯಿರುವುದು ಹೆಬ್ಬೆರಳಿನಷ್ಟು ದಪ್ಪದ, ಕಪ್ಪು ಹೊದಿಕೆಯ ತುಂಡು. ಒಳಗಿನ ಪೀಜೋ ಸೆರಾಮಿಕ್ಕನ್ನು ಸದ್ದಿನ ಒತ್ತಡ ಅದುಮಿದಾಗ ಹುಟ್ಟುವ ಅತ್ಯಲ್ಪ ವೋಲ್ಟೇಜು ಕೇಬಲ್ಲಿನಲ್ಲಿ ಮೇಲೆ ಬರುತ್ತದೆ. ಸೋನೆಮಳೆಯಲ್ಲಿ ಇದನ್ನು ಹಿನ್ನೀರಿಗೆ ಇಳಿಬಿಟ್ಟು ಹೆಡ್‌ಫೋನ್ ಹಾಕಿಕೊಂಡರೆ, ಕಾದ ಕಾವಲಿಗೆ ನೀರುದೋಸೆಯ ಹಿಟ್ಟು ಹೊಯ್ದಂಥ ಚುಂಯ್ ಸದ್ದು ಬಿಡದೆ ಕೇಳಿಸುತ್ತದೆ. ಹನಿ ಬಿದ್ದಾಗ ನೀರೊಳಗೆ ಸಿಕ್ಕಿಕೊಂಡ ಪುಟ್ಟ ಗಾಳಿಗುಳ್ಳೆ ಮಿಡಿಯುವುದರಿಂದ ಹುಟ್ಟುವ ಸದ್ದು ಅದು. ಸುಮಾರು 15 ಕಿಲೋಹರ್ಟ್ಜ್ ಆಸುಪಾಸಿನಲ್ಲಿ ಜೋರಾಗಿರುತ್ತದೆ.

ಮೊದಲು ‘ಜಲಧ್ವನಿಗ್ರಾಹಕ’ ಎಂದು ಬರೆದೆ. ಆದರೆ ‘ಜಲಧ್ವನಿ’ ಎಂದೊಡನೆ ನೀರಿನದೇ ಸದ್ದು ಎಂಬ ಅರ್ಥ ಬರುತ್ತದೆ. ಉಪಕರಣವೋ ಮೀನಿನ ಸದ್ದನ್ನೂ ದೋಣಿಯ ಎಂಜಿನ್ನಿನ ಸದ್ದನ್ನೂ ಹಿಡಿಯುವಂಥದು. ‘ಗ್ರಾಹಕ’ ಎಂದರೆ ಇಂದಿನ ಮಕ್ಕಳಿಗೆ ಕರೆಂಟು ಬಿಲ್ಲು ಕಟ್ಟುವವರೇ ಹೊರತು ಹಿಡಿಯುವ ವಸ್ತುವಲ್ಲ. ‘ಅಂತರ್ಜಲ’ವಂತೂ ಬೋರ್‌ವೆಲ್ಲಿನ ನೀರಿಗೇ ಮೀಸಲಾಗಿಬಿಟ್ಟಿದೆ. ‘ಮಾಪಕ’ ಎನ್ನಲೂ ಮನಸ್ಸೊಪ್ಪದು: ಇಷ್ಟು ಒತ್ತಡಕ್ಕೆ ಇಷ್ಟು ವೋಲ್ಟೇಜು ಎಂದು ಮೊದಲೇ ಹೊಂದಿಸಿ ನೋಡಿರದ ಹೈಡ್ರೋಫೋನ್ ಸದ್ದನ್ನು ಕೇಳಿಸೀತು, ಅಳೆಯಲಾರದು. ‘ನೀರೊಳಗಿನ ಧ್ವನಿ ಸಂವೇದಕ’ ಅರ್ಥದಲ್ಲಿ ಸರಿಯಾಗಿದ್ದರೂ ವಾಕ್ಯಕ್ಕೆ ಎರಡು ಬಾರಿ ಬಂದರೆ ಓದು ಕುಂಟುತ್ತದೆ.

ಹೀಗಾಗಿ ‘ನೀರ್ಗಿವಿ’ಯತ್ತ ಒಲಿದಿದ್ದೇನೆ. ನೀರ್ಗುದುರೆಯಲ್ಲಿ ಕಕಾರ ಗಕಾರವಾದಂತೆಯೇ ಇಲ್ಲಿಯೂ ಆಗಿದೆ; ಪದ ಚಿಕ್ಕದು, ಮಕ್ಕಳ ಬಾಯಲ್ಲಿ ಸಲೀಸಾಗಿ ನಿಲ್ಲುತ್ತದೆ. ಒಂದೇ ಅಳುಕೆಂದರೆ, ಇದು ಕಿವಿಯಲ್ಲಿ ನೀರು ಸೇರಿಕೊಳ್ಳುವ ತೊಂದರೆಯನ್ನು ನೆನಪಿಸುವುದೇ ಎಂಬುದು.

ಇದರೊಡನೆ ಇನ್ನೊಂದು ಪದ. ಸದ್ದಿನ ಮಟ್ಟವನ್ನು ಹೇಳುವ ಡೆಸಿಬೆಲ್ ಲೆಕ್ಕಕ್ಕೆ ಗಾಳಿಯಲ್ಲಿ 20 ಮೈಕ್ರೋಪ್ಯಾಸ್ಕಲ್, ನೀರಿನಲ್ಲಿ 1 ಮೈಕ್ರೋಪ್ಯಾಸ್ಕಲ್ ಒತ್ತಡವನ್ನು ನೆಲೆಯಾಗಿ ಹಿಡಿಯುತ್ತಾರೆ. ಆದ್ದರಿಂದ ಒತ್ತಡ ಒಂದೇ ಇದ್ದರೂ ನೀರಿನ ಅಂಕಿ ಸುಮಾರು 26 ಡೆಸಿಬೆಲ್ ಹೆಚ್ಚು ಕಾಣುತ್ತದೆ. ಈ ನೆಲೆಗೆ ‘ಉಲ್ಲೇಖ ಒತ್ತಡ’ ಎಂದರೆ ಎಲ್ಲಿಯೋ ಉಲ್ಲೇಖಿಸಿದ ಒತ್ತಡವೆಂದಾಗುತ್ತದೆಂದು ‘ಆಧಾರ ಒತ್ತಡ’ ಎಂದು ಬರೆದಿದ್ದೇನೆ.

ಈ ಎರಡೂ ಪದಗಳು ಪಾಠದ ಬರವಣಿಗೆಯಲ್ಲಿ ಸಲ್ಲುವವೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.