9.00 ತೆಗೆದು 10.00 ಟೈರ್ ಹಾಕಿಸಿದೆ, ಆವರೇಜ್ ಇಳಿಯಿತು. ಈಗ ಕ್ರೌನ್ ಬದಲಿಸಲಾ?

ಹಾವೇರಿ ಲಾರಿ:
ನಮ್ಮದು ಹಳೇ ಆರು ಚಕ್ರದ ಲಾರಿ. ಐದು ಗೇರ್, ಟಾಪ್ ಗೇರ್ ಡೈರೆಕ್ಟ್, ಅಂದರೆ ಇಂಜಿನ್ ಸುತ್ತಿದಷ್ಟೇ ಶಾಫ್ಟ್ ಸುತ್ತುತ್ತೆ. ಹಾವೇರಿಯಲ್ಲಿ ಮೆಕ್ಕೆಜೋಳ ತುಂಬಿ ಯಲ್ಲಾಪುರ, ಅಂಕೋಲಾ ದಾರಿಯಲ್ಲಿ ಮಂಗಳೂರಿಗೆ ಹೋಗುತ್ತೇನೆ. ಬರುವಾಗ ಗೊಬ್ಬರ. ಮೊದಲಿಂದ 9.00-20 ನೈಲಾನ್ ಟೈರ್ ಇತ್ತು. ಪೂರ್ತಿ ಸವೆದಿದ್ದವು. ದೀಪಾವಳಿ ಮುಗಿದ ಮೇಲೆ ಆರಕ್ಕೂ 10.00-20 ರೇಡಿಯಲ್ ಹಾಕಿಸಿದೆ. ಗುಂಡಿ ಬಿದ್ದ ರಸ್ತೆಯಲ್ಲಿ ಹೊಡೆತ ಕಡಿಮೆಯಾಗಿದೆ, ಅದು ನಿಜ. ಆದರೆ ಲೀಟರಿಗೆ 4.6 ಬರುತ್ತಿದ್ದ ಆವರೇಜ್ 4.5ಕ್ಕೆ ಬಂತು. ಅರಬೈಲ್ ಘಾಟಿ ಹತ್ತುವಾಗ ಮೂರನೇ ಗೇರಲ್ಲೇ ಎಳೆಯುತ್ತಿದ್ದ ತಿರುವಿನಲ್ಲಿ ಈಗ ಎರಡಕ್ಕೆ ಇಳಿಸಬೇಕು. ಗೆಳೆಯರೊಬ್ಬರು ಕ್ರೌನ್-ಪಿನಿಯನ್ (ಹಿಂದಿನ ಆಕ್ಸಲ್ಲಿನ ಗೇರ್ ಜೋಡಿ) ರೇಷಿಯೋ 6.83 ಇರುವುದನ್ನು ತೆಗೆದು 5.86 ಹಾಕಿಸು, ಆವರೇಜ್ ತಾನಾಗಿ ಏರುತ್ತೆ ಅಂತಿದ್ದಾರೆ. ಹಾಕಿಸಲಾ? ಅನುಭವ ಇದ್ದವರು ಹೇಳಿ.

ಆಫೀಸ್ ಲೆಕ್ಕ:
ಅಣ್ಣಾ, ಆವರೇಜ್ ಇಳಿದಿಲ್ಲ, ಮೀಟರ್ ಕಡಿಮೆ ತೋರಿಸುತ್ತಿದೆ. ಹೊಸ 9.00-20 ಟೈರಿನ ಎತ್ತರ ಸುಮಾರು 1018 ಮಿ.ಮೀ., 10.00-20ರದ್ದು ಸುಮಾರು 1052. ಅಂದರೆ ಶೇಕಡಾ 3ಕ್ಕಿಂತ ಸ್ವಲ್ಪ ಜಾಸ್ತಿ. ದೊಡ್ಡ ಟೈರ್ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತೆ, ಆದರೆ ಮೀಟರ್ ಎಣಿಸೋದು ಸುತ್ತುಗಳನ್ನು. ಮೀಟರಲ್ಲಿ 100 ಕಿ.ಮೀ. ಅಂದರೆ ಗಾಡಿ ನಿಜವಾಗಿ 103 ಹೋಗಿದೆ. ನಿಮ್ಮ 4.5ನ್ನು ಹಾಗೆ ತಿದ್ದಿದರೆ 4.65. ನಮ್ಮ ಆಫೀಸಿನಲ್ಲಿ ಟೈರ್ ಸೈಜ್ ಬದಲಾದ ಪ್ರತಿ ಗಾಡಿಗೂ ಹೀಗೇ ತಿದ್ದಿ ಬರೆದುಕೊಳ್ಳುತ್ತೇವೆ. ಇಲ್ಲದಿದ್ದರೆ ಡ್ರೈವರ್ ಮೇಲೆ ಸುಮ್ನೆ ಡೀಸೆಲ್ ಕಳ್ಳತನದ ಅನುಮಾನ ಬರುತ್ತೆ. ಒಬ್ಬ ಒಳ್ಳೇ ಡ್ರೈವರ್ ಹಾಗೇ ಬಿಟ್ಟು ಹೋಗಿದ್ದಾರೆ, ಆ ಬೇಜಾರು ಇನ್ನೂ ಇದೆ.

ಘಾಟಿ ಡ್ರೈವರ್:
ಲೆಕ್ಕ ಸರಿ ಇರಬಹುದು ಸರ್. ಆದರೆ ಎರಡನೇ ಗೇರಿಗೆ ಇಳಿಸಬೇಕಾಗಿ ಬಂದದ್ದು ಮೀಟರಿನ ತಪ್ಪಲ್ಲವಲ್ಲ. ನಾನು ಶಿರಾಡಿಯಲ್ಲಿ 14 ವರ್ಷ ಓಡಿಸಿದ್ದೇನೆ. ಚಕ್ರ ದೊಡ್ಡದಾದಷ್ಟೂ ಎಳೆತ ಕಡಿಮೆ. ಉದ್ದ ಕೋಲಿನ ತುದಿಯಲ್ಲಿ ಭಾರ ಎತ್ತಿದ ಹಾಗೆ ಅದು. ಇಂಜಿನ್ ಅದೇ, ಗೇರ್ ಅದೇ, ನೆಲ ತಳ್ಳುವ ಬಲ ಮಾತ್ರ ಕಡಿಮೆ. ಬ್ರೇಕಿಗೂ ಅದೇ ಮಾತು. ಡ್ರಮ್ ಬದಲಾಗಿಲ್ಲ, ಚಕ್ರ ಬೆಳೆಯಿತು. ಇಳಿಯುವಾಗ ಪೆಡಲ್ ಇನ್ನಷ್ಟು ಒತ್ತಬೇಕು.

ಗ್ಯಾರೇಜ್ ಮೇಸ್ತ್ರಿ:
ಇಬ್ಬರೂ ಒಂದು ವಿಷಯ ಬಿಟ್ಟಿದ್ದೀರಿ. ಹಾವೇರಿಯವರೇ, ಹಳೇ ಟೈರ್ ಪೂರ್ತಿ ಸವೆದಿತ್ತು ಅಂದಿರಿ. ಗ್ರಿಪ್ 13 ಮಿ.ಮೀ. ಸವೆದರೆ ಟೈರ್ ಎತ್ತರ 26 ಮಿ.ಮೀ. ಇಳಿಯುತ್ತೆ. ಅಂದರೆ 1018 ಇದ್ದದ್ದು 992 ಆಗಿತ್ತು. ಅಲ್ಲಿಂದ ನೇರ 1052ಕ್ಕೆ ಹಾರಿದ್ದೀರಿ. ವ್ಯತ್ಯಾಸ ಶೇಕಡಾ 3 ಅಲ್ಲ, 6. ಘಾಟಿಯಲ್ಲಿ ಗೇರ್ ಇಳಿಸೋ ಹಾಗಾಗಿದ್ದು ಅದಕ್ಕೇ. ಹೊಸ 9.00 ಹಾಕಿಸಿದ್ದರೂ ಸ್ವಲ್ಪ ಎಳೆತ ಕಡಿಮೆಯಾದ ಹಾಗೆ ಅನಿಸುತ್ತಿತ್ತು. ಜನ ಸೈಜಿನ ಮೇಲೆ ಎಲ್ಲಾ ಹೊರಿಸುತ್ತಾರೆ, ಆದರೆ ಬೋಳು ಟೈರಿಗೂ ಹೊಸ ಟೈರಿಗೂ ಇರುವ ವ್ಯತ್ಯಾಸ ಒಂದು ಸೈಜಿನ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಸಮ.

ಆಫೀಸ್ ಲೆಕ್ಕ:
ಮೇಸ್ತ್ರಿಗಳೇ, ಒಪ್ಪಿದೆ. ಹಾಗಾದರೆ ಹಳೇ 4.6 ಕೂಡ ತಪ್ಪು ಲೆಕ್ಕ. ಮೀಟರ್ ಹೊಸ 9.00ಗೆ ಸರಿಯಾಗಿತ್ತು ಅಂತ ಇಟ್ಟುಕೊಂಡರೆ, ಬೋಳು ಟೈರಿನಲ್ಲಿ ಅದು ದೂರ ಜಾಸ್ತಿ ತೋರಿಸಿದೆ. ನಿಜವಾದ ಆವರೇಜ್ 4.48. ಈಗಿನದು 4.65. ಅಂದರೆ ಅಣ್ಣನಿಗೆ ಲಾಭವೇ ಆಗಿದೆ. ತಿಂಗಳಿಗೆ 6000 ಕಿ.ಮೀ. ಓಡಿದರೆ ಹತ್ತಿರಹತ್ತಿರ 50 ಲೀಟರ್ ಉಳಿತಾಯ.

ಮುಂಬೈ ಲೈನ್:
ಅದನ್ನೇ ಅಲ್ವಾ ನಾವು ಹೇಳೋದು? ಟೈರ್ ದೊಡ್ಡದು ಹಾಕಿ, ಕ್ರೌನ್ ಕೂಡ ಬದಲಿಸಿ. ನಾನು ಹುಬ್ಬಳ್ಳಿ-ಪುಣೆ-ಮುಂಬೈ ಓಡಿಸೋದು. ಗಾಡಿಗೆ 5.86 ಇದೆ. ಗಂಟೆಗೆ 60ರಲ್ಲಿ ಇಂಜಿನ್ ನಿಮಿಷಕ್ಕೆ 1800ರ ಆಸುಪಾಸು ಸುತ್ತುತ್ತೆ. ನಿಮ್ಮ 6.83ರಲ್ಲಿ ಅದೇ ವೇಗಕ್ಕೆ 2100 ದಾಟುತ್ತೆ. ಇಂಜಿನ್ ಸುಮ್ನೆ ಕಿರುಚುತ್ತೆ, ಡೀಸೆಲ್ ಸುಡುತ್ತೆ. ಗ್ರೀನ್‌ನಲ್ಲಿ (ಇಂಜಿನ್ ಸುತ್ತಿನ ಮೀಟರಿನ ಹಸಿರು ಪಟ್ಟಿ) ಓಡಿಸಿ ಅಂತ ಎಲ್ಲರೂ ಹೇಳುತ್ತಾರೆ, ಕ್ರೌನ್ ಸರಿ ಇಲ್ಲದಿದ್ದರೆ ಮುಳ್ಳು ಗ್ರೀನ್‌ಗೆ ಬರುವುದಾದರೂ ಹೇಗೆ?

ಘಾಟಿ ಡ್ರೈವರ್:
ನಿಮ್ಮ ದಾರಿಗೆ ಅದು ಸರಿ. ಅವರು ವಾರಕ್ಕೆ ಎರಡು ಸಲ ಗೊಬ್ಬರ ಹೇರಿಕೊಂಡು ಕರಾವಳಿಯಿಂದ ಮೇಲೆ ಹತ್ತಬೇಕು. 6.83ರಿಂದ 5.86 ಅಂದರೆ ಪ್ರತಿ ಗೇರಲ್ಲೂ ಶೇಕಡಾ 14ರಷ್ಟು ಎಳೆತ ಹೋಯಿತು. ಫಸ್ಟ್ ಗೇರಲ್ಲೂ ಹೋಯಿತು ಅನ್ನೋದನ್ನು ಮರೆಯಬೇಡಿ. ಘಾಟಿಯ ನಡುವೆ ಎದುರಿಗೆ ಟ್ರೇಲರ್ ಸಿಕ್ಕಿ ಗಾಡಿ ನಿಂತಿತು ಅಂದುಕೊಳ್ಳಿ. ಮತ್ತೆ ಎತ್ತುವಾಗ ಅರ್ಧ ಕ್ಲಚ್ ಹಿಡಿಯಬೇಕು. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಕ್ಯಾಬಿನ್ ತುಂಬುತ್ತೆ. ನಾನು ಒಂದು ಗಾಡಿಯಲ್ಲಿ ನಾಲ್ಕು ತಿಂಗಳಿಗೆ ಎರಡು ಪ್ಲೇಟ್ ಹಾಕಿಸಿದ್ದೇನೆ. ಡೀಸೆಲ್ಲಿನಲ್ಲಿ ಉಳಿದದ್ದೆಲ್ಲ ಅಲ್ಲಿಗೇ ಹೋಯಿತು.

ಮುಂಬೈ ಲೈನ್:
ಘಾಟಿ ಎಷ್ಟು ದೂರ ರೀ? ಅರಬೈಲ್ ಹತ್ತಿದರೆ ಮುಗಿಯಿತು. ಅಂಕೋಲಾದಿಂದ ಮಂಗಳೂರು ಪೂರ್ತಿ ಕರಾವಳಿ ಹೈವೇ. ಉಳಿದ ದಾರಿಯ ಲಾಭ ಯಾಕೆ ಬಿಡಬೇಕು?

ಘಾಟಿ ಡ್ರೈವರ್:
ದೂರ ಕಡಿಮೆಯೇ. ಆದರೆ ಗಾಡಿ ಕೆಡೋದು ಅಲ್ಲೇ. ಗೇರ್ ನೋಡಿಕೊಳ್ಳಬೇಕಾದದ್ದು ದಾರಿಯ ಅತಿ ಕಷ್ಟದ ಒಂದು ಕಿಲೋಮೀಟರಿಗೆ, ಸುಲಭದ ನೂರು ಕಿಲೋಮೀಟರಿಗೆ ಅಲ್ಲ. ನೀವು ಮುಂಬೈಗೆ ಏನು ಹಾಕುತ್ತೀರಿ, ಎಷ್ಟು ಟನ್?

ಮುಂಬೈ ಲೈನ್:
ಬ್ಯಾಡಗಿ ಮೆಣಸಿನಕಾಯಿ ಜಾಸ್ತಿ. ಬಾಡಿ ತುಂಬುತ್ತೆ, ತೂಕ ಅಷ್ಟಿರಲ್ಲ. ಸರಿ, ಆ ಮಾತು ಒಪ್ಪುತ್ತೇನೆ. ಗೊಬ್ಬರ ಹೇರಿದ್ದರೆ ನಾನೂ ಯೋಚನೆ ಮಾಡುತ್ತಿದ್ದೆ.

ಸಂಡೂರು ಟಿಪ್ಪರ್:
ನಮ್ಮ ಕಡೆ ಅದಿರಿನ ಟಿಪ್ಪರ್‌ಗಳಿಗೆ ಯಾರೂ ಚಿಕ್ಕ ರೇಷಿಯೋ ಕೇಳಲ್ಲ. ಗಣಿಯಿಂದ ಹೊರಗೆ ಬರೋದೇ ಏರಿನಲ್ಲಿ. ಟಾಪ್ ಗೇರ್ ಹಾಕೋದು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ. ನಮಗೆ ಲಗ್ ಟೈರ್ (ಅಡ್ಡ ದಪ್ಪ ಗಟ್ಟಿಗಳಿರುವುದು) ಬೇಕು, ಆವರೇಜ್ ಆಮೇಲೆ. ಹೈವೇ ಗಾಡಿಗೆ ಚೆನ್ನಾಗಿ ಕಾಣುತ್ತೆ ಅಂತ ಲಗ್ ಹಾಕಿಸಿ ಡೀಸೆಲ್ ಕುಡಿಯುತ್ತೆ ಅನ್ನುವವರನ್ನೂ ನೋಡಿದ್ದೇನೆ. ಹಾವೇರಿ ಅಣ್ಣ, ನಿಮ್ಮದು ಉದ್ದ ಗೆರೆಯ ಟೈರ್ ತಾನೇ?

ಹಾವೇರಿ ಲಾರಿ:
ಹೌದು, ಆರೂ ಉದ್ದ ಗೆರೆಯದ್ದೇ. ಅಂದರೆ ದೊಡ್ಡ ಸೈಜಿನಿಂದಲೇ 4.65 ಆಯಿತು ಅಂತಾನಾ?

ಗ್ಯಾರೇಜ್ ಮೇಸ್ತ್ರಿ:
ಇಲ್ಲ. ಆ ಲಾಭದಲ್ಲಿ ದೊಡ್ಡ ಪಾಲು ರೇಡಿಯಲ್‌ದು. ನೈಲಾನ್ ಟೈರ್ ಉರುಳುವಾಗ ಅದರ ಪಕ್ಕ ಹೆಚ್ಚು ಮಡಚಿ ಬಿಸಿಯಾಗುತ್ತೆ. ಆ ಬಿಸಿ ಬಂದದ್ದು ನಿಮ್ಮ ಡೀಸೆಲ್ಲಿನಿಂದಲೇ. ರೇಡಿಯಲ್ ಅಷ್ಟು ಬಿಸಿಯಾಗಲ್ಲ. 9.00 ಸೈಜಿನಲ್ಲೇ ರೇಡಿಯಲ್ ಹಾಕಿಸಿದ್ದರೂ ಉಳಿತಾಯ ಆಗುತ್ತಿತ್ತು, ಘಾಟಿಯಲ್ಲಿ ಎಳೆತವೂ ಇನ್ನಷ್ಟು ಉಳಿಯುತ್ತಿತ್ತು.

ಕ್ರೌನ್ ವಿಷಯಕ್ಕೆ ಬರುತ್ತೇನೆ. ಮೊದಲು ನಿಮ್ಮದು 6.83 ಹೌದಾ ಅಂತ ನೋಡಿಕೊಳ್ಳಿ. ಹಳೇ ಗಾಡಿಯಲ್ಲಿ ಹಿಂದಿನ ಮಾಲೀಕರು ಏನು ಹಾಕಿದ್ದರೋ ಗೊತ್ತಿರಲ್ಲ. ಸಮ ನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡ್ಡ ಕೊಡಿ, ಗೇರ್ ನ್ಯೂಟ್ರಲ್. ಹಿಂದಿನ ಒಂದು ಕಡೆ ಮಾತ್ರ ಜಾಕ್ ಏರಿಸಿ. ಗೇರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಜಾಯಿಂಟ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಇನ್ನೊಂದು ಕಡೆ ನಿಂತಿರುವುದರಿಂದ ಚಕ್ರ ಎರಡು ಸುತ್ತಿದರೆ ಕ್ರೌನ್ ಒಂದು ಸುತ್ತುತ್ತೆ. ಅಷ್ಟರಲ್ಲಿ ಶಾಫ್ಟ್ ಎಷ್ಟು ಸುತ್ತಿತೋ ಅದೇ ನಿಮ್ಮ ರೇಷಿಯೋ. ಏಳಕ್ಕೆ ಸ್ವಲ್ಪ ಕಡಿಮೆ ಬಂದರೆ 6.83, ಅಂದರೆ ಕ್ರೌನಿಗೆ 41 ಹಲ್ಲು, ಪಿನಿಯನ್‌ಗೆ 6. ಆರಕ್ಕೆ ಸ್ವಲ್ಪ ಕಡಿಮೆ ಬಂದರೆ 41ಕ್ಕೆ 7, ಅದು 5.86.

ಇನ್ನೊಂದು ಮಾತು. ಹಳೇ ಗಾಡಿಗಳಲ್ಲಿ ಮೀಟರ್ ಕೇಬಲ್ ಬರೋದು ಗೇರ್‌ಬಾಕ್ಸ್ ಹಿಂಭಾಗದಿಂದ. ಕ್ರೌನ್ ಅದರ ಆಚೆಗಿದೆ. ಕ್ರೌನ್ ಬದಲಿಸಿ ಮೀಟರಿನ ಗೇರ್ ಬದಲಿಸದಿದ್ದರೆ ಮೀಟರ್ 100 ತೋರಿಸುವಾಗ ಗಾಡಿ ನಿಜವಾಗಿ ಸುಮಾರು 117 ಹೋಗಿರುತ್ತೆ. ಆವರೇಜ್ ಬಿದ್ದುಹೋಯಿತು ಅಂತ ಒಬ್ಬರು ಹೊಸ ಕ್ರೌನ್ ಬಿಚ್ಚಿಸಿ ಹಳೇದನ್ನೇ ಹಾಕಿಸಿಕೊಂಡು ಹೋದರು. ಎರಡು ಸಲ ಕೂಲಿ ಕೊಟ್ಟರು ಪಾಪ.

ಆಫೀಸ್ ಲೆಕ್ಕ:
ಹೊಸ ಗಾಡಿಗಳಲ್ಲಿ ಇದು ಇನ್ನೂ ಅಪಾಯ. ಸ್ಪೀಡ್ ಲಿಮಿಟರ್ 80ಕ್ಕೆ ಇರುತ್ತೆ. ವರ್ಕ್‌ಶಾಪಿನಲ್ಲಿ ಹೊಸ ರೇಷಿಯೋ ಫೀಡ್ ಮಾಡಿಸದೆ 5.86 ಹಾಕಿದರೆ ಗಾಡಿ 93ರಲ್ಲಿ ಓಡುವಾಗಲೂ ಮೀಟರ್ 80 ಅನ್ನುತ್ತೆ. ಲೋಡ್ ಗಾಡಿ 93ರಲ್ಲಿ! ಇನ್ನೊಂದು, ಅಣ್ಣಾ, ಆರ್‌ಸಿಯಲ್ಲಿ ಟೈರ್ ಸೈಜ್ ಬರೆದಿರುತ್ತೆ, ತೆಗೆದು ನೋಡಿ. ಕಂಪನಿ ಆ ಮಾಡೆಲ್‌ಗೆ 10.00 ಒಪ್ಪಿಲ್ಲದಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ (ಗಾಡಿ ಮಾರ್ಪಾಡಿನ ನಿಯಮ) ಅಡ್ಡ ಬರುತ್ತೆ. ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಅದನ್ನೇ ಎತ್ತುತ್ತಾರೆ.

ಹಾವೇರಿ ಲಾರಿ:
ಎಲ್ಲರಿಗೂ ಧನ್ಯವಾದ. ಇವತ್ತು ಬೆಳಿಗ್ಗೆ ತಮ್ಮನನ್ನು ಕೂರಿಸಿಕೊಂಡು ಮೇಸ್ತ್ರಿಗಳು ಹೇಳಿದ ಹಾಗೆ ಮಾಡಿದೆ. ಶಾಫ್ಟ್ ಆರು ಸುತ್ತು ಮುಗಿಸಿ ಏಳನೆಯದಕ್ಕೆ ಸ್ವಲ್ಪ ಮೊದಲು ನಿಂತಿತು. 6.83 ಖಚಿತ. ಟೇಪ್ ಸುತ್ತಿ ಟೈರ್ ಕೂಡ ಅಳೆದೆ. ಹೊಸ 10.00 ಸುತ್ತಳತೆ 3 ಮೀಟರ್ 30 ಸೆಂ.ಮೀ. ಸ್ಟೆಪ್ನಿಯಾಗಿ ಇಟ್ಟಿರುವ ಹಳೇ 9.00 ಬರೀ 3 ಮೀಟರ್ 12. ಆರ್‌ಸಿ ನೋಡಿದೆ, ಎರಡೂ ಸೈಜ್ ಇದೆ, ಸಮಾಧಾನ ಆಯಿತು. ಕ್ರೌನ್ ಮುಟ್ಟಲ್ಲ. ಮಂಗಳೂರು ಲೈನ್ ಇರುವವರೆಗೆ 6.83 ಇರಲಿ.

ಗ್ಯಾರೇಜ್ ಮೇಸ್ತ್ರಿ:
ತಡೀರಿ, ಸ್ಟೆಪ್ನಿ 9.00 ಬೋಳು ಟೈರಾ? ಅದನ್ನು ಹಿಂದೆ ಜೋಡಿಗೆ ಹಾಕಬೇಡಿ. ಎತ್ತರದಲ್ಲಿ 6 ಸೆಂ.ಮೀ. ವ್ಯತ್ಯಾಸ ಅಂದರೆ ಅದು ನೆಲಕ್ಕೇ ತಾಗಲ್ಲ. ಆ ಕಡೆಯ ಭಾರವೆಲ್ಲ ಪಕ್ಕದ 10.00 ಮೇಲೆ ಕೂರುತ್ತೆ. ಘಾಟಿಯಲ್ಲಿ ಅದು ಬಿಸಿಯಾಗಿ ಸಿಡಿದರೆ ಹಿಡಿಯೋಕಾಗಲ್ಲ. ಇನ್ನೊಂದು ಕೇಳುತ್ತೇನೆ, ಡಿಸ್ಕ್ (ಟೈರ್ ಕೂರುವ ರಿಮ್) ಬದಲಿಸಿದ್ದೀರಾ? 9.00ಗೆ 7 ಇಂಚಿನ ಡಿಸ್ಕ್ ಬರುತ್ತೆ, 10.00ಗೆ ಏಳೂವರೆ ಬೇಕು. ಹಳೇ ಡಿಸ್ಕಿಗೇ ಏರಿಸಿದ್ದರೆ ಹಿಂದಿನ ಜೋಡಿ ಒಂದಕ್ಕೊಂದು ಉಜ್ಜುತ್ತೆ. ಲೋಡ್ ಹಾಕಿದಾಗ ಎರಡರ ಮಧ್ಯೆ ಕೈ ಹೋಗುತ್ತಾ ನೋಡಿ.

ಹಾವೇರಿ ಲಾರಿ:
ಡಿಸ್ಕ್ ಟೈರಿನ ಜೊತೆಗೇ ಬದಲಿಸಿದ್ದೆ ಮೇಸ್ತ್ರಿಗಳೇ, ಏಳೂವರೆಯದ್ದೇ. ಸ್ಟೆಪ್ನಿ ಮಾತ್ರ ಯೋಚಿಸಿರಲಿಲ್ಲ. ಶುಕ್ರವಾರ ಲೋಡಿಂಗ್ ಇದೆ. ಗುರುವಾರ ಸಂಜೆಯೊಳಗೆ ಒಂದು 10.00 ತಂದು ಕಟ್ಟುತ್ತೇನೆ.