ಇನ್‌ಬೋರ್ಡ್ ಎಂಜಿನ್ ವೇಗ ಹೆಚ್ಚಿಸಿದಾಗ ಮಾತ್ರ ಬಿಸಿಯಾಗುತ್ತಿದೆ: ಹೆಡ್ ಇಳಿಸಬೇಕೆ?

ಪ್ರಶ್ನೆ (ಬಸವನಗುಡಿಯ ಸದಸ್ಯರು):

ನಮಸ್ಕಾರ ಸರ್. ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದೇನೆ. ಮಲ್ಪೆಯಲ್ಲಿ ನಮ್ಮ ಮನೆಯವರ ಸಣ್ಣ ಬೋಟೊಂದಿದೆ, ಅದನ್ನು ಅಣ್ಣ ನೋಡಿಕೊಳ್ಳುತ್ತಾರೆ. ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್. ಒಳಗೆ ಕೂಲಂಟ್ ಸುತ್ತುತ್ತದೆ, ಆ ಕೂಲಂಟನ್ನು ಹೀಟ್ ಎಕ್ಸ್‌ಚೇಂಜರಿನಲ್ಲಿ ಸಮುದ್ರದ ನೀರು ತಂಪು ಮಾಡುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಬೋಟು ಹೊಳೆಯಲ್ಲೇ ಕಟ್ಟಿತ್ತು. ಆಗಸ್ಟಿನಲ್ಲಿ ಹೊರಟಂದಿನಿಂದ ತೊಂದರೆ ಶುರುವಾಗಿದೆ. 1200 ಆರ್‌ಪಿಎಂನಲ್ಲಿ ಎಷ್ಟು ಹೊತ್ತು ಓಡಿಸಿದರೂ ಮುಳ್ಳು 80 ಡಿಗ್ರಿಯಲ್ಲೇ ನಿಲ್ಲುತ್ತದೆ; 2200 ದಾಟಿಸಿದರೆ ಹತ್ತು ನಿಮಿಷದೊಳಗೆ 100ಕ್ಕೇರಿ ಅಲಾರಂ ಹೊಡೆಯುತ್ತದೆ. ಥರ್ಮೋಸ್ಟಾಟ್ (ಬಿಸಿಯೇರಿದಾಗ ತೆರೆದು ಕೂಲಂಟ್ ಹರಿಯಬಿಡುವ ವಾಲ್ವ್) ಹೊಸದು ಹಾಕಿಸಿ ಕೂಲಂಟ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಈಗ ಹೆಡ್, ಅಂದರೆ ಸಿಲಿಂಡರುಗಳ ಮೇಲಿನ ಮುಚ್ಚಳ, ಇಳಿಸಬೇಕು ಎನ್ನುತ್ತಿದ್ದಾರೆ. ಅಷ್ಟು ಖರ್ಚಿಗೆ ಕೈಹಾಕುವ ಮೊದಲು ತಮ್ಮ ಸಲಹೆ ಬೇಕು.

ಉತ್ತರ (ಪೀಣ್ಯದ ಹೀಟ್ ಎಕ್ಸ್‌ಚೇಂಜರ್ ದುರಸ್ತಿಗಾರರು, ಮೊದಲು ಕರಾವಳಿಯಲ್ಲಿ ಬೋಟ್ ಮೆಕ್ಯಾನಿಕ್):

ದಯವಿಟ್ಟು ಹೆಡ್ ಈಗಲೇ ಇಳಿಸಬೇಡಿ. ನೀವು ಹೇಳಿದ ಲಕ್ಷಣದಲ್ಲೇ ಅರ್ಧ ಉತ್ತರವಿದೆ. ಥರ್ಮೋಸ್ಟಾಟ್ ಮುಚ್ಚಿಕೊಂಡೇ ಸಿಕ್ಕಿಹಾಕಿಕೊಂಡಿದ್ದರೆ ನಿಧಾನವಾಗಿ ಓಡಿಸಿದರೂ ಎಂಜಿನ್ ಸ್ವಲ್ಪ ಹೊತ್ತಿನಲ್ಲಿ ಕಾದುಬಿಡುತ್ತಿತ್ತು. ನಿಧಾನದಲ್ಲಿ ಸರಿಯಿದ್ದು ವೇಗದಲ್ಲಿ ಮಾತ್ರ ಕಾಯುವ ಎಂಜಿನ್ನಿಗೆ ಸಾಮಾನ್ಯವಾಗಿ ತಂಪಾಗಿಸುವ ನೀರು ಸಾಲುತ್ತಿಲ್ಲ, ಅಥವಾ ನೀರಿದ್ದರೂ ಶಾಖ ಅದಕ್ಕೆ ದಾಟುತ್ತಿಲ್ಲ ಎಂದರ್ಥ.

ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್ಡಿನ ಕೆಳಗಿನ ಸೀಲು, ಹೋಗಿದೆಯೇ ಎಂಬ ಅನುಮಾನವನ್ನು ಖರ್ಚಿಲ್ಲದೆ ಪರೀಕ್ಷಿಸಬಹುದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲಂಟ್ ಮುಚ್ಚಳ ತೆಗೆದು, ಸ್ಟಾರ್ಟ್ ಮಾಡಿ, ಒಳಗೆ ಗುಳ್ಳೆಗಳು ಒಂದೇ ಸಮನೆ ಏಳುತ್ತವೆಯೇ ನೋಡಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೇ ನೋಡಿ. ಎರಡೂ ಇಲ್ಲದಿದ್ದರೆ ಹೆಡ್ಡನ್ನು ಸದ್ಯಕ್ಕೆ ಬಿಟ್ಟುಬಿಡಿ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಮಾತ್ರ ಯಾರೂ ತೆಗೆಯಬಾರದು. ಒತ್ತಡದಲ್ಲಿರುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಹಾಗೆ ಸುಟ್ಟುಕೊಂಡವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮುಳ್ಳು ನಿಜ ಹೇಳುತ್ತಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಎಸ್.ಪಿ. ರಸ್ತೆಯಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರ್ ಸಿಗುತ್ತದೆ, ಊರಿಗೆ ಹೋಗುವಾಗ ಒಂದನ್ನು ಒಯ್ಯಿರಿ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ. ಅಳೆಯುವ ಜಾಗಕ್ಕೆ ಕಪ್ಪು ಇನ್ಸುಲೇಶನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಹಿಡಿಯಿರಿ.

ಇನ್ನು ಸಮುದ್ರದ ನೀರು ಬರುವ ದಾರಿಯನ್ನೇ ಹಿಡಿದು ಹೋಗಿ. ತಳದ ವಾಲ್ವ್ ಮುಚ್ಚಿ, ಅದರ ಹೋಸ್ ಬಿಚ್ಚಿ, ಬಿರಡೆಯೊಂದನ್ನು ಕೈಯಲ್ಲಿಟ್ಟುಕೊಂಡು ವಾಲ್ವನ್ನು ಕ್ಷಣಕಾಲ ತೆರೆಯಿರಿ: ನೀರು ಭರ್ರನೆ ನುಗ್ಗಬೇಕು. ಸಣ್ಣಗೆ ಬಂದರೆ, ಎರಡು ತಿಂಗಳು ನಿಂತ ಬೋಟಿನ ತಳಕ್ಕೆ ಅಂಟಿದ ಚಿಪ್ಪುಗಳು ಬಾಯಿ ಕಟ್ಟಿವೆ. ಕಸ ಸೋಸುವ ಸ್ಟ್ರೇನರಿನ ಮುಚ್ಚಳದ ರಬ್ಬರ್ ಸಡಿಲವಾಗಿದ್ದರೆ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಹಳೆಯ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಪದರ ಬಿಟ್ಟುಕೊಂಡು, ವೇಗ ಹೆಚ್ಚಿ ಸೆಳೆತ ಜೋರಾದಾಗ ಅಡ್ಡ ಮುಚ್ಚಿಕೊಳ್ಳುವುದುಂಟು. ಓಡುತ್ತಿರುವಾಗ ಅದನ್ನು ಹಿಡಿದು ನೋಡಿದರೆ ಚಪ್ಪಟೆಯಾಗುವುದು ಕೈಗೇ ತಿಳಿಯುತ್ತದೆ.

ಕೊನೆಯದಾಗಿ, 2000 ಆರ್‌ಪಿಎಂನಲ್ಲಿ ಸಮುದ್ರದ ನೀರು ಎಂಜಿನ್ನಿಗೆ ಬರುವ ಪೈಪು ಮತ್ತು ಹೀಟ್ ಎಕ್ಸ್‌ಚೇಂಜರಿನಿಂದ ಹೊರಡುವ ಪೈಪು, ಎರಡರ ತಾಪವನ್ನೂ ಬರೆದುಕೊಳ್ಳಿ. ಹೊರಡುವ ನೀರು ಬರುವ ನೀರಿಗಿಂತ ಇಪ್ಪತ್ತು ಡಿಗ್ರಿಗೂ ಮೀರಿ ಬಿಸಿಯಾಗಿದ್ದರೆ ನೀರಿನ ಪ್ರಮಾಣ ಕಡಿಮೆಯಿದೆ. ಕೂಲಂಟ್ ಕುದಿಯುವಷ್ಟು ಬಿಸಿಯಿದ್ದೂ ಸಮುದ್ರದ ನೀರು ಹೆಚ್ಚು ಬಿಸಿಯಾಗದೆ ಹೊರಬರುತ್ತಿದ್ದರೆ, ನಳಿಗೆಗಳಿಗೆ ಉಪ್ಪಿನ ಗಾರೆ ಕಟ್ಟಿ ಶಾಖ ದಾಟುತ್ತಿಲ್ಲ.

ಪ್ರಶ್ನೆ (ಅದೇ ಸದಸ್ಯರು):

ಶನಿವಾರ ಊರಿಗೆ ಹೋಗಿ ಎಲ್ಲವನ್ನೂ ನೋಡಿದೆ ಸರ್. ಗುಳ್ಳೆಗಳಿಲ್ಲ, ಆಯಿಲ್ ಶುದ್ಧವಾಗಿದೆ, ವಾಲ್ವಿನಿಂದ ನೀರು ರಭಸದಿಂದ ಬರುತ್ತದೆ, ಹೋಸ್ ಗಟ್ಟಿಯಾಗಿದೆ. ಬರುವ ನೀರು 29 ಡಿಗ್ರಿ, ಹೊರಡುವುದು 54. ಪಂಪಿನ ಇಂಪೆಲ್ಲರ್ ಮೇ ತಿಂಗಳಲ್ಲಷ್ಟೇ ಹೊಸದು ಹಾಕಿದ್ದು. ಹಳೆಯದರ ಎರಡು ರಬ್ಬರ್ ರೆಕ್ಕೆಗಳು ಮುರಿದುಹೋಗಿದ್ದವು ಎಂದು ಅಣ್ಣ ಹೇಳಿದರು. ಹೊಸದು ಈಗಲೂ ಚೆನ್ನಾಗಿದೆ.

ಉತ್ತರ:

ಮುರಿದ ಆ ಎರಡು ರೆಕ್ಕೆಗಳು ಸಿಕ್ಕವೇ ಎಂದು ಅಣ್ಣನವರನ್ನು ಕೇಳಿ. ಸಿಕ್ಕಿಲ್ಲವಾದರೆ ಅವು ಎಂಜಿನ್ನಿನೊಳಗೇ ಇವೆ. ಪಂಪು ದಾಟಿದ ರಬ್ಬರ್ ಚೂರು ನೀರಿನ ಜೊತೆ ಮುಂದಕ್ಕೆ ಹೋಗಿ ಮೊದಲ ಇಕ್ಕಟ್ಟಿನಲ್ಲಿ ಕೂರುತ್ತದೆ. ಬಹಳಷ್ಟು ಬೋಟುಗಳಲ್ಲಿ ಆ ಇಕ್ಕಟ್ಟು ಗಿಯರ್ ಆಯಿಲ್ ಕೂಲರ್. ಅದನ್ನು ದಾಟಿದರೆ ಹೀಟ್ ಎಕ್ಸ್‌ಚೇಂಜರಿನ ಬಾಯಿ. ಎಕ್ಸ್‌ಚೇಂಜರಿನ ತುದಿಮುಚ್ಚಳದಲ್ಲಿ, ಲೋಹ ತಿನ್ನದಂತೆ ತಾನೇ ಸವೆಯುವ ಸತುವಿನ ಕಡ್ಡಿಯಿದ್ದರೆ ಸವೆದು ಉದುರಿದ ಅದರ ಚೂರುಗಳೂ ಅಲ್ಲೇ ಸೇರುತ್ತವೆ. 25 ಡಿಗ್ರಿಯ ವ್ಯತ್ಯಾಸ ನೋಡಿದರೆ ನನಗೆ ಇದೇ ಕಾರಣವೆನಿಸುತ್ತದೆ. ಎರಡನ್ನೂ ಬಿಚ್ಚಿಸಿ. ಎಕ್ಸಾಸ್ಟಿಗೆ ನೀರು ಬೆರೆಯುವ ಮೊಣಕೈ ಪೈಪನ್ನೂ ಅದೇ ದಿನ ಬಿಚ್ಚಿ ನೋಡುವುದು ಒಳ್ಳೆಯದು. ಉಪ್ಪು ಮತ್ತು ಮಸಿ ಕಟ್ಟಿ ಅದು ಕಿರಿದಾಗಿದ್ದರೂ ನೀರು ಹಿಂದೆಯೇ ತಡೆಯುತ್ತದೆ.

ಪ್ರಶ್ನೆ (ಯಲಹಂಕದ ಸದಸ್ಯೆ):

ಸರ್, ಬಿಚ್ಚಿದ ಮೇಲೆ ನಳಿಗೆಗಳನ್ನು ಆಸಿಡ್ ಹಾಕಿ ತೊಳೆಯಬಹುದೇ? ಅವರು ಬದಲಿಸಿದ ಹಳೆಯ ಥರ್ಮೋಸ್ಟಾಟ್ ಚೆನ್ನಾಗಿತ್ತೋ ಇಲ್ಲವೋ ಎಂದು ಮನೆಯಲ್ಲೇ ತಿಳಿಯಲು ಸಾಧ್ಯವೇ?

ಉತ್ತರ:

ಮೇಡಂ, ಟಾಯ್ಲೆಟ್ ತೊಳೆಯುವ ಆಸಿಡ್ ಬೇಡವೇ ಬೇಡ. ಕಿರಾಣಿ ಅಂಗಡಿಯ ನಿಂಬೆ ಉಪ್ಪು ಸಾಕು. ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಕರಗಿಸಿ, ಸತುವಿನ ಕಡ್ಡಿ ತೆಗೆದಿಟ್ಟು, ತಾಮ್ರ-ನಿಕಲ್ಲಿನ ನಳಿಗೆಗಳ ಕಟ್ಟನ್ನು ಅದರಲ್ಲಿ ಮುಳುಗಿಸಿಡಬೇಕು. ನೊರೆ ನಿಂತ ಮೇಲೆ ಪ್ರತಿ ನಳಿಗೆಗೂ ತೆಂಗಿನಗರಿಯ ಹಿಡಿಕಡ್ಡಿ ತೂರಿಸಿ ಚೆನ್ನಾಗಿ ತೊಳೆಯಬೇಕು. ಕಬ್ಬಿಣದ ಕಂಬಿ ಹಾಕಿದರೆ ನಳಿಗೆಗೆ ಗೀರು ಬಿದ್ದು ಮುಂದೆ ತೂತಾಗಬಹುದು. ಅಲ್ಯೂಮಿನಿಯಂ ಭಾಗಗಳನ್ನು ಈ ನೀರಿನಲ್ಲಿ ಇಡಬಾರದು.

ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ಪಾತ್ರೆಯ ನೀರಿನಲ್ಲಿ, ತಳಕ್ಕೆ ತಾಗದಂತೆ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಅಚ್ಚಾದ ತಾಪದ ಆಸುಪಾಸಿನಲ್ಲಿ ಅದು ಬಾಯಿ ತೆರೆಯಲಾರಂಭಿಸಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಕುದಿಯುವುದನ್ನೇ 100 ಎಂದು ಎಣಿಸದೆ ಥರ್ಮಾಮೀಟರ್ ಇಟ್ಟು ಅಳೆಯಿರಿ.

ಪ್ರಶ್ನೆ (ಬಸವನಗುಡಿಯ ಸದಸ್ಯರು):

ಸರ್, ತಾವು ಹೇಳಿದಂತೆಯೇ ಆಯಿತು. ಗಿಯರ್ ಆಯಿಲ್ ಕೂಲರಿನ ಬಾಯಲ್ಲಿ ಹೆಬ್ಬೆರಳಿನಗಲದ ರಬ್ಬರ್ ರೆಕ್ಕೆಯೊಂದು ಅಡ್ಡಲಾಗಿ ಕೂತಿತ್ತು. ಇನ್ನೊಂದು ಮೂರು ಚೂರುಗಳಾಗಿ ಎಕ್ಸ್‌ಚೇಂಜರಿನ ನಳಿಗೆಗಳ ಬಾಯಿಗೆ ಅಂಟಿಕೊಂಡಿತ್ತು. ತೆಗೆದು ಜೋಡಿಸಿದ ಮೇಲೆ 2400 ಆರ್‌ಪಿಎಂನಲ್ಲಿ ಒಂದು ಗಂಟೆ ಓಡಿಸಿದೆವು, ಮುಳ್ಳು 83 ದಾಟಲಿಲ್ಲ. ಮುಂದೆ ಎಂದಾದರೂ ಸಮುದ್ರದ ನಡುವೆ ಅಲಾರಂ ಹೊಡೆದರೆ ಮೊದಲು ಏನು ಮಾಡಬೇಕು?

ಉತ್ತರ:

ಬಹಳ ಸಂತೋಷವಾಯಿತು. ಅಲಾರಂ ಹೊಡೆದ ಕೂಡಲೇ ವೇಗ ಇಳಿಸಿ, ಎಕ್ಸಾಸ್ಟಿನ ಕಡೆ ನೋಡಿ. ನೀರು ಬರುತ್ತಿದ್ದರೆ ಲೋಡ್ ಇಲ್ಲದೆ ನಿಧಾನಕ್ಕೆ ಓಡಲು ಬಿಟ್ಟು, ಮುಳ್ಳು ಇಳಿದ ಮೇಲೆ ನಿಲ್ಲಿಸಿ. ಇಳಿಯದೆ ಏರುತ್ತಲೇ ಇದ್ದರೆ ಕಾಯಬೇಡಿ. ನೀರೇ ಬರುತ್ತಿಲ್ಲವಾದರೆ ಲಂಗರು ಹಾಕಲು ಬೇಕಾದಷ್ಟು ಹೊತ್ತು ಬಿಟ್ಟು ಒಂದು ಕ್ಷಣವೂ ಓಡಿಸಬೇಡಿ, ಏಕೆಂದರೆ ಒಣಗಿ ತಿರುಗುವ ಇಂಪೆಲ್ಲರ್ ನಿಮಿಷಗಳಲ್ಲಿ ಹರಿದುಹೋಗುತ್ತದೆ. ಬೋಟಿನಲ್ಲಿ ಒಂದು ಹೊಸ ಇಂಪೆಲ್ಲರ್, ಅದರ ಗ್ಯಾಸ್ಕೆಟ್ ಮತ್ತು ಒಂದು ಬೆಲ್ಟ್ ಸದಾ ಇರಲಿ. ಮುಂದಿನ ಸಲ ಇಂಪೆಲ್ಲರ್ ಬದಲಿಸುವಾಗ ಹಳೆಯದರ ರೆಕ್ಕೆಗಳನ್ನು ಎಣಿಸಿ ಎಂದು ಅಣ್ಣನವರಿಗೆ ತಿಳಿಸಿ.